ಕುರುಚಲು ಕಾಡು ಹೊಲವಾದಾಗ ಮಣ್ಣಿನ ಇಂಗಾಲ ಏನಾಗುತ್ತದೆ?

ಬಯಲುಸೀಮೆಯ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಮಣ್ಣಿನ ಸಾವಯವ ಇಂಗಾಲಕ್ಕೆ, ಅಂದರೆ ಕೊಳೆತ ಎಲೆ, ಬೇರುಗಳಿಂದ ಮಣ್ಣಿಗೆ ಸೇರಿದ ಇಂಗಾಲಕ್ಕೆ ಸಂಬಂಧಿಸಿದವನ್ನು ಮಾತ್ರ ಈ ಸಲ ಆರಿಸಿಕೊಂಡಿದ್ದೇವೆ. ಚಿತ್ರದುರ್ಗ, ದಾವಣಗೆರೆಯ ಪೂರ್ವಭಾಗ, ವಿಜಯನಗರ, ಬಳ್ಳಾರಿ, ಪಾವಗಡದಂಥ ಕಡಿಮೆ ಮಳೆಯ ಸೀಮೆಯ ಕುರುಚಲು ಕಾಡು, ಕಾವಲು, ಗೋಮಾಳ ಮತ್ತು ಅವುಗಳ ಪಕ್ಕದ ಹೊಲಗಳನ್ನು ಮನಸ್ಸಿನಲ್ಲಿಟ್ಟು ಉತ್ತರಿಸಿದ್ದೇವೆ. ಮಲೆನಾಡಿನ ಮಣ್ಣಿಗೆ ಈ ಲೆಕ್ಕ ಹೊಂದುವುದಿಲ್ಲ.

ಪ್ರಶ್ನೆ: ಕುರುಚಲು ಕಾಡಿದ್ದ ಎರಡು ಎಕರೆಯನ್ನು ತಂದೆಯವರು ಕಡಿದು ಸಾಗು ಮಾಡಿದರು. ಮೊದಲ ನಾಲ್ಕೈದು ವರ್ಷ ಗೊಬ್ಬರವಿಲ್ಲದೆಯೇ ಮೆಕ್ಕೆಜೋಳ ಹುಲುಸಾಗಿ ಬಂತು. ಈಗ ಎಷ್ಟು ಯೂರಿಯಾ ಹಾಕಿದರೂ ಆ ಬೆಳೆ ಇಲ್ಲ. ಬದುವಿನಾಚೆಯ ಕಾಡಿನ ಮಣ್ಣು ಇನ್ನೂ ಕಪ್ಪಗೆ, ಪುಡಿಪುಡಿಯಾಗಿದೆ. ಇಂಗಾಲ ಎಲ್ಲಿ ಹೋಯಿತು? (ಜಗಳೂರು)

ಆ ನಾಲ್ಕೈದು ವರ್ಷ ಮೆಕ್ಕೆಜೋಳ ಉಂಡದ್ದು ನಿಮ್ಮ ಮಣ್ಣಿನ ಅಸಲನ್ನೇ. ಕಾಡಿನ ಮಣ್ಣಿನ ಜೈವಿಕಾಂಶದಲ್ಲಿ (ಕೊಳೆತ ಎಲೆ, ಬೇರಿನ ಅಂಶ) ಸುಮಾರು 12 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಇರುತ್ತದೆ. ಎಕರೆಗೆ 3 ಟನ್ ಇಂಗಾಲ ಕೊಳೆತು ಹೋಯಿತು ಎಂದು ಹಿಡಿಯಿರಿ, ಅದರ ಜೊತೆಗೆ 250 ಕಿಲೊ ಸಾರಜನಕ ಬಿಡುಗಡೆಯಾಗುತ್ತದೆ. ಅಂದರೆ 45 ಕಿಲೊ ತೂಕದ 12 ಚೀಲ ಯೂರಿಯಾ! ಅದರಲ್ಲಿ ಒಂದಿಷ್ಟು ಬೆಳೆಗೆ ಸಿಕ್ಕಿತು, ಉಳಿದದ್ದು ನೀರಿನೊಂದಿಗೆ ಇಳಿದುಹೋಯಿತು. ಆ ದಾಸ್ತಾನು ಮುಗಿದ ಮೇಲೆ ಚೀಲದ ಯೂರಿಯಾ ಸಾರಜನಕವನ್ನಷ್ಟೇ ಕೊಡಬಲ್ಲದು, ಮಣ್ಣಿನ ತೇವ ಹಿಡಿಯುವ ಗುಣವನ್ನಲ್ಲ.

ಇಂಗಾಲ ಹೋದ ದಾರಿ ಮೂರು. ಮೊದಲನೆಯದು, ಒಳಬರುವುದು ನಿಂತದ್ದು. ದಿಂಡಿಗ, ತುಗ್ಗಲಿ, ಕಾರೆ, ಬಂದರಿಕೆ, ಅವುಗಳ ನಡುವಿನ ಹುಲ್ಲು ವರ್ಷವಿಡೀ ಉದುರಿಸುವ ಎಲೆ ನಮ್ಮ ಕಣ್ಣಿಗೆ ಕಾಣುತ್ತದೆ. ಆದರೆ ಒಣಸೀಮೆಯ ಗಿಡಗಳು ತಮ್ಮ ಬೆಳವಣಿಗೆಯ ದೊಡ್ಡ ಪಾಲನ್ನು ಬೇರಿಗೆ ಹಾಕುತ್ತವೆ, ಸಾಯುವ ಎಳೆಬೇರುಗಳೇ ಮಣ್ಣಿಗೆ ಮುಖ್ಯ ಆಹಾರ. ಮೆಕ್ಕೆಜೋಳದ ಬೇರು ವರ್ಷದಲ್ಲಿ ನಾಲ್ಕು ತಿಂಗಳು ಇರುತ್ತದೆ, ದಂಟು ದನಕ್ಕೆ ಹೋಗುತ್ತದೆ.

ಎರಡನೆಯದು ಉಳುಮೆ. ಜೈವಿಕಾಂಶ ಮಣ್ಣಿನ ಕಣಗಳು ಅಂಟಿಕೊಂಡು ಆದ ಸಣ್ಣ ಸಣ್ಣ ಹರಳುಗಳ ಒಳಗೆ, ಜೇಡಿಕಣಗಳಿಗೆ ಅಂಟಿಕೊಂಡು ಸೂಕ್ಷ್ಮಜೀವಿಗಳ ಕೈಗೆ ಸಿಗದಂತೆ ಕೂತಿರುತ್ತದೆ. ನೇಗಿಲು, ಅದಕ್ಕಿಂತ ಹೆಚ್ಚಾಗಿ ರೋಟವೇಟರ್, ಆ ಹರಳುಗಳನ್ನು ಒಡೆಯುತ್ತದೆ. ಬಿಸಿಲಿಗೆ ಇಂಗಾಲ ಸುಟ್ಟುಹೋಗುತ್ತದೆ ಎಂದು ಹಲವರು ನಂಬಿದ್ದಾರೆ, ಅದು ಪೂರ್ತಿ ಸರಿಯಲ್ಲ. ಒಣಗಿ ಕಾದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಬಹುಮಟ್ಟಿಗೆ ಮಲಗಿರುತ್ತವೆ. ನಷ್ಟವಾಗುವುದು ಭರಣಿ, ಕೃತ್ತಿಕೆಯ ಮೊದಲ ಹದಮಳೆಗಳಲ್ಲಿ. ಒಣಮಣ್ಣು ಒಮ್ಮೆಲೇ ನೆನೆದಾಗ ಕೆಲವೇ ದಿನಗಳಲ್ಲಿ ಇಂಗಾಲದ ಡೈಆಕ್ಸೈಡ್ ಭರ್ರನೆ ಹೊರಬೀಳುತ್ತದೆ. ಕೀನ್ಯಾದ ಮಣ್ಣುಗಳ ಮೇಲೆ ಕೆಲಸ ಮಾಡಿದ ಬರ್ಚ್ 1958ರಲ್ಲಿ ಇದನ್ನು ವಿವರಿಸಿದ್ದರಿಂದ ಇದಕ್ಕೆ ಬರ್ಚ್ ಪರಿಣಾಮ ಎಂದೇ ಹೆಸರು. ಕಾಡಿನಲ್ಲೂ ಇದು ನಡೆಯುತ್ತದೆ, ಆದರೆ ಅಲ್ಲಿ ಹರಳುಗಳು ಇಡಿಯಾಗಿರುತ್ತವೆ. ನಾವು ಹೊಲದಲ್ಲಿ ಅದೇ ವಾರ ಉಳುತ್ತೇವೆ, ವಾರ ಬಿಟ್ಟು ಹರಗುತ್ತೇವೆ. ಜೀವಿಗಳು ಎದ್ದ ಹೊತ್ತಿಗೆ ಸರಿಯಾಗಿ ಉಗ್ರಾಣದ ಬಾಗಿಲು ತೆರೆದಂತಾಯಿತು.

ಮೂರನೆಯದು ಕೊಚ್ಚಣೆ. ಒಂದು ಎಕರೆಯಲ್ಲಿ 1 ಮಿಲಿಮೀಟರ್ ಮೇಲ್ಮಣ್ಣು ಹೋದರೆ ಸುಮಾರು 5.5 ಟನ್ ಮಣ್ಣು ಹೋದಂತೆ, ಅದರೊಂದಿಗೆ 50 ಕಿಲೊದಷ್ಟು ಇಂಗಾಲ. ಅದೆಲ್ಲ ಗಾಳಿಗೆ ಸೇರುವುದಿಲ್ಲ, ಒಂದು ಭಾಗ ಕೆಳಗಿನ ಕೆರೆಯ ಹೂಳಿನಲ್ಲಿ ಕೂರುತ್ತದೆ. ಆದರೆ ನಿಮ್ಮ ಹೊಲದ ಲೆಕ್ಕದಲ್ಲಿ ಅದು ಖರ್ಚೇ.

ಒಟ್ಟು ಎಷ್ಟು ಪಾಲು ಹೋಗುತ್ತದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಹವಾಮಾನ ಕುರಿತ ಅಂತರಸರ್ಕಾರಿ ಸಮಿತಿ ಐಪಿಸಿಸಿಯ 2006ರ ಮಾರ್ಗಸೂಚಿ, ಒಣ ಉಷ್ಣವಲಯದಲ್ಲಿ 20 ವರ್ಷ ಉಳುಮೆ ಕಂಡ ನೆಲದ ಮೇಲಿನ 30 ಸೆಂಟಿಮೀಟರಿನಲ್ಲಿ ಮೂಲ ಇಂಗಾಲದ ಶೇ 58 ಉಳಿಯುತ್ತದೆ ಎಂದು ಹಿಡಿದಿತ್ತು. 2019ರ ಪರಿಷ್ಕರಣೆ ಅದನ್ನು ಶೇ 92ಕ್ಕೆ ಏರಿಸಿತು. ಒಂದೇ ಸಂಸ್ಥೆಯ ಎರಡು ಸರಾಸರಿಗಳ ನಡುವೆ ಇಷ್ಟು ಅಂತರ! ಇಳಿಜಾರಿನ ಗರಸು ಮಣ್ಣಿನ ಹೊಲಕ್ಕೂ ಸಮತಟ್ಟಾದ ಎರೆಗೂ (ಕಪ್ಪುಮಣ್ಣು) ಒಂದೇ ಸಂಖ್ಯೆ ಹಚ್ಚಬಾರದು, ಅಳೆದೇ ನೋಡಬೇಕು. ಹೇಗೆ ಎಂಬುದು ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ನಮ್ಮ ಹೊಲದ ಮಣ್ಣು ಆರೋಗ್ಯ ಚೀಟಿಯಲ್ಲಿ ಸಾವಯವ ಇಂಗಾಲ 0.42 ಎಂದಿದೆ, ಪಕ್ಕದ ಕುರುಚಲು ಕಾಡಿನ ಮಣ್ಣು ಕೊಟ್ಟಾಗ 0.90 ಬಂತು. ಕಾಡಿನಲ್ಲಿ ಇಂಗಾಲ ದುಪ್ಪಟ್ಟಿಗಿಂತ ಹೆಚ್ಚಿದೆ ಎಂದು ವಿದ್ಯಾರ್ಥಿಗಳಿಗೆ ಹೇಳಬಹುದೇ? ಟನ್ ಲೆಕ್ಕ ಹಾಕುವುದು ಹೇಗೆ? (ಶಿಕ್ಷಕರು, ಮೊಳಕಾಲ್ಮೂರು)

ಹೇಳಬೇಡಿ, ಇನ್ನೂ ಎರಡು ಅಳತೆ ಬಾಕಿ ಇವೆ. ಚೀಟಿಯಲ್ಲಿರುವುದು ಶೇಕಡಾವಾರು: ಜರಡಿ ಹಿಡಿದ ನೂರು ಗ್ರಾಂ ಸಣ್ಣ ಮಣ್ಣಿನಲ್ಲಿ ಎಷ್ಟು ಗ್ರಾಂ ಇಂಗಾಲ ಎಂದು. ಶೇ 0.5ಕ್ಕಿಂತ ಕಡಿಮೆ ಇದ್ದರೆ ಕೊರತೆ, 0.5ರಿಂದ 0.75 ಮಧ್ಯಮ, ಅದಕ್ಕಿಂತ ಮೇಲೆ ಅಧಿಕ. ಗೊಬ್ಬರದ ಶಿಫಾರಸಿಗೆ ಇಷ್ಟು ಸಾಕು. ನೆಲದಲ್ಲಿ ಎಷ್ಟು ಟನ್ ಇದೆ ಎಂದು ತಿಳಿಯಲು ಒಂದು ಘನ ಸೆಂಟಿಮೀಟರ್ ನೆಲದಲ್ಲಿ ಸಣ್ಣ ಮಣ್ಣು ಎಷ್ಟು ಗ್ರಾಂ ಇದೆ ಎಂಬ ಸಾಂದ್ರತೆಯೂ, ಕಲ್ಲಿನ ಪಾಲೂ ಬೇಕು.

ಸೂತ್ರ ಸುಲಭ. ಇಂಗಾಲದ ಶೇಕಡಾ × ಸಾಂದ್ರತೆ × ಆಳ ಸೆಂಟಿಮೀಟರಿನಲ್ಲಿ = ಹೆಕ್ಟೇರಿಗೆ ಟನ್ ಇಂಗಾಲ. ಎಕರೆಗೆ ಬೇಕಾದರೆ 2.47ರಿಂದ ಭಾಗಿಸಿ.

ಕಲ್ಲಿಲ್ಲದ ಮಣ್ಣಿನಲ್ಲಿ ಸಾಂದ್ರತೆಗೆ 5 ಸೆಂಟಿಮೀಟರ್ ಒಳವ್ಯಾಸ, 5.1 ಸೆಂಟಿಮೀಟರ್ ಎತ್ತರದ ಉಕ್ಕಿನ ಬಳೆ ಸಾಕು, ಅದರ ಗಾತ್ರ ಸರಿಯಾಗಿ 100 ಘನ ಸೆಂಟಿಮೀಟರ್. ಬಳೆಯ ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ಸಮವಾಗಿ ಇಳಿಸಿ, ಸುತ್ತಲ ಮಣ್ಣು ಬಿಡಿಸಿ ಎತ್ತಿ, ಎರಡೂ ತುದಿಯನ್ನು ಚಾಕುವಿನಿಂದ ಸವರಿ. ಒಳಗಿನ ಮಣ್ಣನ್ನು 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ ತೂಗಿ, ಗ್ರಾಂ ತೂಕವನ್ನು 100ರಿಂದ ಭಾಗಿಸಿದರೆ ಸಾಂದ್ರತೆ ಬಂತು. ಬಡಿಯುವಾಗ ಬಳೆಯೊಳಗಿನ ಮಣ್ಣು ಹೊರಗಿನ ನೆಲಮಟ್ಟಕ್ಕಿಂತ ಕೆಳಗೆ ಕುಸಿದಿದ್ದರೆ ಆ ಮಾದರಿ ಬಿಸಾಡಿ, ಒತ್ತಿ ಬಿಗಿಯಾದ ಮಣ್ಣು ಸುಳ್ಳು ತೂಕ ಕೊಡುತ್ತದೆ.

ನಿಮ್ಮ ಸೀಮೆಯ ಗುಡ್ಡದ ತಪ್ಪಲಿನ ಗರಸಿನಲ್ಲಿ ಬಳೆ ಇಳಿಯುವುದೇ ಇಲ್ಲ. ಅಲ್ಲಿ ಗುಣಿ ತೋಡಿ: 20 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, 10 ಸೆಂಟಿಮೀಟರ್ ಆಳ. ತೆಗೆದ ಮಣ್ಣು, ಕಲ್ಲು ಎಲ್ಲವನ್ನೂ ಒಂದು ಕಣವೂ ಚೆಲ್ಲದಂತೆ ಚೀಲಕ್ಕೆ ಹಾಕಿ. ಗುಣಿಗೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ನೆಲಮಟ್ಟಕ್ಕೆ ಸರಿಯಾಗಿ ನೀರು ತುಂಬಿ, ಎಷ್ಟು ಲೀಟರ್ ಹಿಡಿಯಿತು ಎಂದು ಬರೆದುಕೊಳ್ಳಿ. ಉದಾಹರಣೆಗೆ 4 ಲೀಟರ್ ಹಿಡಿಯಿತು, ಒಣಗಿಸಿದ ಒಟ್ಟು ತೂಕ 6.2 ಕಿಲೊ, 2 ಮಿಲಿಮೀಟರ್ ಜರಡಿಯ ಮೇಲೆ ಉಳಿದ ಕಲ್ಲು 2 ಕಿಲೊ ಎನ್ನಿ. ಸಣ್ಣ ಮಣ್ಣು 4.2 ಕಿಲೊ, 4 ಲೀಟರಿನಿಂದ ಭಾಗಿಸಿದರೆ 1.05. ಇಂಗಾಲ ಶೇ 0.9 ಇದ್ದರೆ 0.9 × 1.05 × 10 = 9.45 ಟನ್, ಮೇಲಿನ 10 ಸೆಂಟಿಮೀಟರಿಗೆ. ಕಲ್ಲನ್ನು ಕಳೆಯುವುದು ಮರೆತರೆ ಸಾಂದ್ರತೆ 1.55 ಆಗಿ, ಲೆಕ್ಕ 13.95 ಟನ್‌ಗೆ ಹಾರುತ್ತದೆ. ಶೇ 48ರಷ್ಟು ಹೆಚ್ಚು! ಒಣಕಾಡಿನ ಇಂಗಾಲದ ಲೆಕ್ಕಗಳಲ್ಲಿ ಅತಿ ದೊಡ್ಡ ಎಡವಟ್ಟು ಇದೇ. ಕಾಡು ಉಳಿದಿರುವುದು ಹೆಚ್ಚಾಗಿ ಕಲ್ಲುನೆಲದಲ್ಲಿ, ಹೊಲವಾದದ್ದು ಕಲ್ಲು ಕಡಿಮೆ ಇರುವ ನೆಲ. ಹಾಗಾಗಿ ಕಲ್ಲು ಮರೆತವರಿಗೆ ಕಾಡಿನ ಇಂಗಾಲ ಇದ್ದುದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ಇನ್ನೊಂದು ತಪ್ಪು ಇದರ ವಿರುದ್ಧ ದಿಕ್ಕಿನದು. ಟ್ರ್ಯಾಕ್ಟರ್ ಓಡಾಡಿದ ಹೊಲ ಬಿಗಿಯಾಗಿರುತ್ತದೆ. ಕಾಡಿನ ಮಣ್ಣಿನ ಸಾಂದ್ರತೆ 1.3, ಹೊಲದ್ದು 1.5 ಎನ್ನಿ, ಇಂಗಾಲ ಕ್ರಮವಾಗಿ ಶೇ 0.9 ಮತ್ತು ಶೇ 0.6. ಎರಡೂ ಕಡೆ 30 ಸೆಂಟಿಮೀಟರ್ ಅಳೆದರೆ ಕಾಡಿನಲ್ಲಿ 35.1 ಟನ್, ಹೊಲದಲ್ಲಿ 27 ಟನ್, ನಷ್ಟ 8.1 ಟನ್. ಆದರೆ ಹೊಲದ ಆ 30 ಸೆಂಟಿಮೀಟರಿನಲ್ಲಿ ಹೆಕ್ಟೇರಿಗೆ 4,500 ಟನ್ ಮಣ್ಣಿದೆ, ಕಾಡಿನಲ್ಲಿ 3,900 ಟನ್ ಮಾತ್ರ. ಹೆಚ್ಚು ಮಣ್ಣು ಅಗೆದು ಇಂಗಾಲ ಹೆಚ್ಚಿದೆ ಎಂದಂತಾಯಿತು. ಹೊಲದಲ್ಲೂ 3,900 ಟನ್‌ಗೇ ನಿಲ್ಲಿಸಿದರೆ, ಅಂದರೆ 26 ಸೆಂಟಿಮೀಟರಿಗೆ, 23.4 ಟನ್ ಸಿಗುತ್ತದೆ. ನಿಜವಾದ ನಷ್ಟ 11.7 ಟನ್. ಆದ್ದರಿಂದ ಹೋಲಿಕೆ ಮಾಡುವುದಾದರೆ ಆಳ ಸಮ ಇಡಬೇಡಿ, ಮಣ್ಣಿನ ತೂಕ ಸಮ ಇಡಿ.

ಕಾಡಿನಲ್ಲಿ ಮಾದರಿ ಎಲ್ಲಿ ತೆಗೆದಿರಿ ಎಂಬುದೂ ಮುಖ್ಯ. ಒಣಕಾಡಿನಲ್ಲಿ ಇಂಗಾಲ ಎಲ್ಲೆಡೆ ಹರಡಿರುವುದಿಲ್ಲ, ಗಿಡದ ಬುಡದಲ್ಲಿ ಗುಡ್ಡೆಯಾಗಿರುತ್ತದೆ, ನಡುವಿನ ಬಯಲು ಬರಿದಾಗಿರುತ್ತದೆ. ನೆರಳಲ್ಲಿ ನಿಂತು ಅಗೆಯುವುದು ಎಲ್ಲರಿಗೂ ಹಿತ, ಬಹುಪಾಲು ಮಾದರಿಗಳು ಹೀಗೇ ಕೆಡುತ್ತವೆ. ಗಿಡದಡಿಯ 10 ಕಡೆ, ಬಯಲಿನ 10 ಕಡೆ ಬೇರೆ ಬೇರೆಯಾಗಿ ಮಣ್ಣು ಸೇರಿಸಿ ಎರಡು ಮಾದರಿ ಮಾಡಿ. ಗಿಡದ ಹರವು ನೆಲದ ಶೇ 40 ಇದ್ದು, ಅಲ್ಲಿ ಇಂಗಾಲ 1.1, ಬಯಲಿನಲ್ಲಿ 0.5 ಬಂದರೆ ಒಟ್ಟು ಸರಾಸರಿ 0.74. ನಿಮ್ಮ 0.90 ಎಲ್ಲಿಯದು ಎಂದು ಮೊದಲು ವಿಚಾರಿಸಿ.

ಪ್ರಶ್ನೆ: ನಮ್ಮದು ಎರೆ ಭೂಮಿ. ಒಂದು ಪ್ರಯೋಗಾಲಯ ಇಂಗಾಲ 0.55 ಎಂದಿತು, ಇನ್ನೊಂದು 1.9 ಎಂದಿತು. ಯಾರನ್ನು ನಂಬಬೇಕು? (ಸಿರುಗುಪ್ಪ)

ಇಬ್ಬರೂ ಸರಿ ಇರಬಹುದು. ಮೊದಲನೆಯವರು ಮಾಡಿರುವುದು ವಾಕ್ಲಿ–ಬ್ಲ್ಯಾಕ್ ವಿಧಾನ. ಮಣ್ಣಿಗೆ ಪೊಟ್ಯಾಷಿಯಂ ಡೈಕ್ರೋಮೇಟ್, ಗಂಧಕಾಮ್ಲ ಹಾಕಿ 30 ನಿಮಿಷ ಬಿಟ್ಟು, ಉಳಿದ ಡೈಕ್ರೋಮೇಟನ್ನು ಫೆರಸ್ ಅಮೋನಿಯಂ ಸಲ್ಫೇಟಿನಿಂದ ಅಳೆಯುವುದು. ಇದು ಸುಣ್ಣದ ಇಂಗಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎರಡನೆಯವರು ಮಣ್ಣನ್ನು ಯಂತ್ರದಲ್ಲಿ ಸುಟ್ಟು ಒಟ್ಟು ಇಂಗಾಲ ಅಳೆದಿದ್ದಾರೆ, ಅದರಲ್ಲಿ ಸುಣ್ಣದ ಹರಳಿನ ಇಂಗಾಲವೂ ಸೇರಿದೆ. ನಡುವಿನ ಅಂತರ 1.35, ಅದನ್ನು 0.12ರಿಂದ ಭಾಗಿಸಿದರೆ ಮಣ್ಣಿನಲ್ಲಿ ಶೇ 11ರಷ್ಟು ಕ್ಯಾಲ್ಸಿಯಂ ಕಾರ್ಬೊನೇಟ್ ಎಂದಾಗುತ್ತದೆ. ನಿಮ್ಮ ಎರೆಗೆ ಅದು ಅಸಹಜವಲ್ಲ. ಮಣ್ಣಿನ ಮೇಲೆ ತಿಳಿ ಹೈಡ್ರೋಕ್ಲೋರಿಕ್ ಆಮ್ಲದ ಎರಡು ಹನಿ ಬಿಡಿ, ಬುಸ್ಸೆಂದು ನೊರೆ ಬಂದರೆ ಸುಣ್ಣವಿದೆ. ಅಂಥ ಮಣ್ಣನ್ನು ಯಂತ್ರಕ್ಕೆ ಕೊಡುವ ಮೊದಲು ಆಮ್ಲದಿಂದ ಸುಣ್ಣ ಕರಗಿಸಿ ಕೊಡಿ ಎಂದು ಕೇಳಬೇಕು.

ಇನ್ನೆರಡು ಮಾತು ಕೇಳಿಟ್ಟುಕೊಳ್ಳಿ. ವಾಕ್ಲಿ–ಬ್ಲ್ಯಾಕ್ ಸಾಮಾನ್ಯವಾಗಿ ಸಾವಯವ ಇಂಗಾಲದ ಶೇ 77ರಷ್ಟನ್ನು ಮಾತ್ರ ಹಿಡಿಯುತ್ತದೆ, ಹಾಗಾಗಿ 1.3ರಿಂದ ಗುಣಿಸುವ ರೂಢಿ. ಕೆಲವು ಕಡೆ ಗುಣಿಸಿ ಬರೆಯುತ್ತಾರೆ, ಕೆಲವು ಕಡೆ ಇಲ್ಲ. ಎರಡು ವರ್ಷದ ವರದಿ ಹೋಲಿಸುವ ಮುನ್ನ ಇದನ್ನು ಕೇಳದಿದ್ದರೆ, ಏನೂ ಮಾಡದೆಯೇ ಇಂಗಾಲ ಶೇ 30 ಏರಿದ ಸಂತೋಷ ನಿಮ್ಮದಾಗುತ್ತದೆ. ಇನ್ನೊಂದು, ಸವಳು ಮಣ್ಣಿನ ಕ್ಲೋರೈಡ್ ಕೂಡ ಡೈಕ್ರೋಮೇಟನ್ನು ತಿನ್ನುವುದರಿಂದ ಅಲ್ಲಿ ಫಲಿತಾಂಶ ಹೆಚ್ಚು ಬರುತ್ತದೆ.

ಪ್ರಶ್ನೆ: ಎಂಟು ವರ್ಷದಿಂದ ಪಾಳು ಬಿಟ್ಟ ನಾಲ್ಕು ಎಕರೆ ಇದೆ. ತಂಗಡಿ, ಜಾಲಿ, ಹುಲ್ಲು ತಾನಾಗಿ ಬಂದಿವೆ. ಉತ್ತು ಸಸಿ ನೆಟ್ಟರೆ ಇಂಗಾಲ ಬೇಗ ವಾಪಸ್ ಬರುತ್ತದೆಯೇ? (ಹಿರಿಯೂರು)

ಉಳಬೇಡಿ. ಎಂಟು ವರ್ಷದಲ್ಲಿ ಕೂಡಿದ್ದು ಬಹುಪಾಲು ಮೇಲಿನ 5ರಿಂದ 10 ಸೆಂಟಿಮೀಟರಿನಲ್ಲಿ, ಇನ್ನೂ ಗಟ್ಟಿಯಾಗದ ರೂಪದಲ್ಲಿದೆ. ಒಂದೇ ಒಂದು ಆಳ ಉಳುಮೆ ಅದರಲ್ಲಿ ದೊಡ್ಡ ಭಾಗವನ್ನು ಮೊದಲ ಮಳೆಗೇ ಕಳೆಯಬಲ್ಲದು.

ಹೋದಷ್ಟು ಬೇಗ ಇಂಗಾಲ ಮರಳುವುದಿಲ್ಲ. ಮಳೆ ಕಡಿಮೆ ಇರುವಲ್ಲಿ ಗಿಡ ವರ್ಷಕ್ಕೆ ಕೊಡುವುದೇ ಸ್ವಲ್ಪ, ಅದರಲ್ಲೂ ಮಣ್ಣಿನಲ್ಲಿ ನಿಲ್ಲುವುದು ಹತ್ತರಲ್ಲೊಂದೆರಡು ಪಾಲು. ಮೇಲೆ ಹಸಿರು ತುಂಬಲು ಹತ್ತು ವರ್ಷ ಸಾಕು, 30 ಸೆಂಟಿಮೀಟರ್ ಆಳದವರೆಗೆ ಹಳೆಯ ಮಟ್ಟ ಬರಲು ಹಲವು ದಶಕ ಬೇಕು. ಮರಳು ಹೆಚ್ಚಿರುವ ಮಸಾರಿಯಲ್ಲಿ ಇನ್ನೂ ತಡ, ಹಿಡಿದಿಡುವ ಜೇಡಿ ಅಲ್ಲಿ ಕಡಿಮೆ.

ಮಾಡಬೇಕಾದದ್ದು ಇಷ್ಟು. ಇಳಿಜಾರಿಗೆ ಅಡ್ಡವಾಗಿ, ಸಮಪಾತಳಿಯಲ್ಲಿ ಕಲ್ಲಿನ ಇಲ್ಲವೇ ಮುಳ್ಳುಕಂಟಿಯ ಬದು ಹಾಕಿ. ಕಂದಕ ತೋಡಲೇಬೇಕಾದರೆ ತುಂಡು ತುಂಡಾಗಿ, ಬಂದಿರುವ ಗಿಡ ತಪ್ಪಿಸಿ ತೋಡಿ, ಉದ್ದಕ್ಕೂ ಯಂತ್ರ ಓಡಿಸಿದರೆ ಉಳುಮೆ ಮಾಡಿದ್ದಕ್ಕೂ ಅದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಮೊದಲ ಮೂರು ವರ್ಷ ಮುಂಗಾರಿನ ಆರಂಭದಿಂದ ಹುಲ್ಲು ಬೀಜ ಉದುರುವವರೆಗೆ ದನ, ಕುರಿ ಬಿಡಬೇಡಿ, ಆಮೇಲೆ ಕೊಯ್ದು ಒಯ್ಯಬಹುದು. ಸಸಿ ನೆಡುವುದಾದರೆ ಬರಿದಾದ ತೇಪೆಗಳಲ್ಲಿ ಮಾತ್ರ, ಒಂದೂವರೆ ಅಡಿ ಗುಣಿಯಲ್ಲಿ, ತುಗ್ಗಲಿ, ಹೊಂಗೆಯಂಥವು. ಇಂಗಾಲ ನಿಲ್ಲಬೇಕಾದರೆ ಸಾರಜನಕವೂ ಬೇಕು, ಈ ಎರಡರ ಬೇರಿನಲ್ಲಿ ಅದನ್ನು ಹಿಡಿಯುವ ಗಂಟುಗಳಿರುತ್ತವೆ. ತಂಗಡಿಯೂ ದ್ವಿದಳ ಕುಟುಂಬದ್ದೇ, ಆದರೆ ಅದರ ಬೇರಿನಲ್ಲಿ ಗಂಟು ಬರುವುದಿಲ್ಲ. ಹಾಗೆಂದು ಕೀಳಬೇಡಿ, ನೆರಳು ಮತ್ತು ಎಲೆಯ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ.

ಪ್ರಶ್ನೆ: ಬಳ್ಳಾರಿ ಜಾಲಿ ತುಂಬಿದ ಜಮೀನನ್ನು ಜೆಸಿಬಿಯಿಂದ ಸ್ವಚ್ಛ ಮಾಡಿಸಬೇಕೆಂದಿದ್ದೇವೆ. ಇಂಗಾಲದ ದೃಷ್ಟಿಯಿಂದ ಏನು ಎಚ್ಚರಿಕೆ? (ಸಂಡೂರು)

ಅಮೆರಿಕ ಖಂಡದಿಂದ ಬಂದ ಈ ಗಿಡ ಹುಲ್ಲನ್ನು ತುಳಿದು ಹಬ್ಬುತ್ತದೆ ಎಂಬುದು ನಿಜ. ಆದರೆ ತನ್ನ ಬುಡದ ಮಣ್ಣಿನಲ್ಲಿ ಇಂಗಾಲ, ಸಾರಜನಕ ಎರಡನ್ನೂ ಕೂಡಿಸುತ್ತದೆ ಎಂಬುದೂ ನಿಜ. ಹಾಗಾಗಿ ನಿಮ್ಮ ಜಮೀನಿನ ಆಸ್ತಿ ಈಗ ಆ ಗಿಡಗಳ ಕೆಳಗಿದೆ. ಜೆಸಿಬಿ ಬುಡಸಮೇತ ಕಿತ್ತಾಗ ಮೇಲ್ಮಣ್ಣು ಬೇರಿನೊಂದಿಗೆ ಎದ್ದು ಒಂದು ಮೂಲೆಯ ರಾಶಿಗೆ ಸೇರುತ್ತದೆ, ಆಮೇಲೆ ಆ ರಾಶಿಗೆ ಬೆಂಕಿ ಇಡುತ್ತಾರೆ. ಒಳ್ಳೆಯ ಮಣ್ಣೆಲ್ಲ ರಾಶಿಯಡಿ, ಉಳಿದ ಹೊಲದಲ್ಲಿ ಕೆಳಮಣ್ಣು. ಬೆಳೆ ತೇಪೆ ತೇಪೆಯಾಗಿ ಬರುವುದಕ್ಕೆ ಇದೇ ಕಾರಣ.

ಇಡೀ ಜಮೀನನ್ನು ಒಂದೇ ಬೇಸಿಗೆಯಲ್ಲಿ ತೆಗೆಯದೆ, ಇಳಿಜಾರಿಗೆ ಅಡ್ಡವಾದ ಪಟ್ಟಿಗಳಲ್ಲಿ ಎರಡು ಮೂರು ವರ್ಷಕ್ಕೆ ಹಂಚಿಕೊಳ್ಳಿ. ಗಿಡ ಕಡಿದು, ಬುಡವನ್ನು ನೆಲದಿಂದ ಒಂದು ಗೇಣು ಕೆಳಗೆ ತುಂಡರಿಸಿ. ಚಿಗುರೊಡೆಯುವ ಮೊಗ್ಗುಗಳು ಇರುವುದು ನೆಲಮಟ್ಟದ ತುಸು ಕೆಳಗೆ, ಅವು ಹೋದರೆ ಉಳಿದ ಬೇರು ಅಲ್ಲೇ ಕೊಳೆತು ಮಣ್ಣಾಗುತ್ತದೆ. ದಪ್ಪ ಕಟ್ಟಿಗೆ ಮಾರಿ, ಸಣ್ಣ ರೆಂಬೆಗಳನ್ನು ಬದುವಿನ ಮೇಲ್ಭಾಗಕ್ಕೆ ಸಾಲಾಗಿ ಹಾಕಿ. ತೆರೆದ ಪಟ್ಟಿಯನ್ನು ಆ ಮುಂಗಾರಿನಲ್ಲೇ ಹುರುಳಿ, ಅಲಸಂದೆಯಂಥ ನೆಲ ಮುಚ್ಚುವ ಬೆಳೆಯಿಂದ ತುಂಬಿ. ದನ, ಕುರಿ ಸಗಣಿ, ಹಿಕ್ಕೆಯಲ್ಲಿ ಜಾಲಿ ಬೀಜ ಬಂದು ಮೊಳೆಯುತ್ತಲೇ ಇರುತ್ತದೆ. ಸಸಿಗಳನ್ನು ಒಂದು ಅಡಿ ಆಗುವುದರೊಳಗೆ ಹಸಿ ನೆಲದಲ್ಲಿ ಕೀಳಬೇಕು.

ಪ್ರಶ್ನೆ: ಹುಲ್ಲುಗಾವಲಿನ ಕಾವಲಿನಲ್ಲಿ ನೀಲಗಿರಿಯೋ ಬೇರೆ ಮರವೋ ನೆಟ್ಟರೆ ಇಂಗಾಲ ಹೆಚ್ಚುವುದಿಲ್ಲವೇ? ಮರಕ್ಕೆ ಯಾಕೆ ವಿರೋಧ? (ರಾಣೆಬೆನ್ನೂರು)

ಮರಕ್ಕೆ ವಿರೋಧವಿಲ್ಲ, ಕಾವಲಿನಲ್ಲಿ ನೆಡುವುದಕ್ಕೆ ಇದೆ. ಹುಲ್ಲುಗಾವಲಿನ ಇಂಗಾಲ ನೆಲದೊಳಗಿದೆ, ಬೆಂಕಿಗೂ ಕೊಡಲಿಗೂ ಸಿಗುವುದಿಲ್ಲ. ನೆಡುತೋಪಿಗಾಗಿ ಕಂದಕ ತೋಡಿ ಉತ್ತಾಗ ಅದು ಕಡಿಮೆಯಾಗುತ್ತದೆ, ಮೊದಲ ಹಲವು ವರ್ಷ ಮಣ್ಣಿನ ಲೆಕ್ಕ ನಷ್ಟದಲ್ಲೇ ಇರುತ್ತದೆ. ಮರದಲ್ಲಿ ಕೂಡಿದ ಇಂಗಾಲವಂತೂ ಐದಾರು ವರ್ಷಕ್ಕೊಮ್ಮೆ ಕಡಿದು ಕಾಗದದ ಗಿರಣಿಗೋ ಸೌದೆಗೋ ಹೋಗುವಂಥದ್ದು. ನೀಲಗಿರಿಯ ಎಲೆ ಬೇಗ ಕೊಳೆಯದೆ ಮೇಲೆ ಪದರವಾಗಿ ನಿಲ್ಲುತ್ತದೆ, ಅದನ್ನು ನೋಡಿ ಮಣ್ಣು ಸಮೃದ್ಧ ಎಂದುಕೊಳ್ಳಬಾರದು. ನಿಮ್ಮೂರಿನ ಕೃಷ್ಣಮೃಗ ಧಾಮದಲ್ಲೇ ನೀಲಗಿರಿ ತೋಪಿನ ಒಳಗೂ ಹೊರಗೂ ಗುಣಿ ತೋಡಿ ನೋಡಿದರೆ ಬೇರಿನ ದಟ್ಟಣೆಯ ವ್ಯತ್ಯಾಸ ಗೊತ್ತಾಗುತ್ತದೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಮಾತ್ರ ಬೇಡ. ರಾಜ್ಯ ಸರ್ಕಾರ ಹೊಸ ನೀಲಗಿರಿ ನೆಡುವುದನ್ನು 2017ರಲ್ಲಿ ನಿಷೇಧಿಸಿತು, ಕಾರಣ ಅಂತರ್ಜಲ. ಮಣ್ಣಿನ ಕಾರಣಕ್ಕೂ ಅದು ಸರಿಯೇ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬೀಳುತ್ತದೆ. ಮಣ್ಣಿನ ಇಂಗಾಲವೂ ಸುಡುತ್ತದೆಯೇ? (ಹೊಸದುರ್ಗ)

ಹುಲ್ಲಿನ ಬೆಂಕಿ ಬೇಗ ಓಡಿಹೋಗುತ್ತದೆ, ಎರಡು ಮೂರು ಸೆಂಟಿಮೀಟರಿನ ಕೆಳಗೆ ಮಣ್ಣು ಅಷ್ಟಾಗಿ ಕಾಯುವುದಿಲ್ಲ. ಸುಡುವುದು ಎಲೆ, ಕಡ್ಡಿ, ಅದರ ಜೊತೆ ಸಾರಜನಕ. ಒಂದಿಷ್ಟು ಇದ್ದಿಲಾಗಿ ಮಣ್ಣಿಗೆ ಸೇರುತ್ತದೆ, ಅದು ಬಹುಕಾಲ ಉಳಿಯುತ್ತದೆ. ಹಾನಿ ಆಮೇಲಿನದು. ಹೊದಿಕೆ ಕಳೆದುಕೊಂಡ ಇಳಿಜಾರಿನ ಮೇಲೆ ಮುಂಗಾರಿನ ಮೊದಲ ಜೋರು ಮಳೆ ಬಿದ್ದು ಬೂದಿ, ಮೇಲ್ಮಣ್ಣು ಒಟ್ಟಿಗೆ ಹಳ್ಳ ಸೇರುತ್ತವೆ. ಒಂದು ಬೆಂಕಿಯನ್ನು ಕಾಡು ತಡೆದುಕೊಳ್ಳುತ್ತದೆ, ವರ್ಷವರ್ಷವೂ ಬಿದ್ದರೆ ಮಣ್ಣಿಗೆ ಸೇರಬೇಕಾದ ಎಲೆಯೇ ಇಲ್ಲ.

ಪ್ರಶ್ನೆ: ಕಾಡು ಕಡಿದಾಗಿದೆ, ಹೊಲ ಬಿಡುವಂತಿಲ್ಲ. ಇದ್ದ ಇಂಗಾಲವನ್ನಾದರೂ ಉಳಿಸಿಕೊಳ್ಳಲು ವರ್ಷಕ್ಕೆ ಎಷ್ಟು ಗೊಬ್ಬರ ಬೇಕು? (ಶಿರಾ)

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಒಣಬೇಸಾಯ ವಿಭಾಗದಲ್ಲಿ 1978ರಿಂದ ನಡೆದ ರಾಗಿಯ ದೀರ್ಘಾವಧಿ ಪ್ರಯೋಗ, ಅನಂತಪುರದ ಶೇಂಗಾ ಪ್ರಯೋಗ, ಎರಡರಿಂದಲೂ ಹೊರಟ ಅಂದಾಜು ಹತ್ತಿರ ಹತ್ತಿರ ಒಂದೇ: ಕೆಂಪುಮಣ್ಣಿನ ಇಂಗಾಲ ಇಳಿಯದಂತೆ ನಿಲ್ಲಬೇಕಾದರೆ ವರ್ಷಕ್ಕೆ ಹೆಕ್ಟೇರಿಗೆ ಸುಮಾರು 1.1 ಟನ್ ಇಂಗಾಲ ಒಳಬರಬೇಕು. ಎಕರೆಗೆ 450 ಕಿಲೊ. ಬೇರು, ಕೂಳೆ, ಉದುರಿದ ಎಲೆ ಎಲ್ಲ ಈ ಲೆಕ್ಕದಲ್ಲಿ ಸೇರುತ್ತವೆ.

ತೇವ, ಮಣ್ಣು ಕಳೆದರೆ ಒಂದು ಟನ್ ಕೊಟ್ಟಿಗೆ ಗೊಬ್ಬರದಲ್ಲಿ 100ರಿಂದ 150 ಕಿಲೊ ಇಂಗಾಲ ಇರುತ್ತದೆ. ಹಾಗಾಗಿ ಗೊಬ್ಬರವೊಂದರಿಂದಲೇ ತುಂಬಿಸುವುದಾದರೆ ಎಕರೆಗೆ 3ರಿಂದ 4.5 ಟನ್, ವರ್ಷ ತಪ್ಪದೆ. ಇದು ಎಲ್ಲರ ಕೈಗೂ ಎಟುಕುವುದಿಲ್ಲ. ಅರ್ಧವನ್ನು ಹೊಲದಿಂದಲೇ ಹುಟ್ಟಿಸಿ. ತೊಗರಿ, ಹತ್ತಿಯ ಕಟ್ಟಿಗೆಯನ್ನು ಸುಡದೆ ತುಂಡು ಮಾಡಿ ಹಾಕಿ. ಬದುವಿನ ಮೇಲೆ ಎರಡು ಮೂರು ಅಡಿಗೊಂದು ಗ್ಲಿರಿಸಿಡಿಯಾ ನೆಟ್ಟು, ಎರಡನೇ ವರ್ಷದಿಂದ ವರ್ಷಕ್ಕೆ ಎರಡು ಮೂರು ಸಲ ಸೊಪ್ಪು ಸವರಿ. ಕುರಿಮಂದೆ ನಿಲ್ಲಿಸುವುದು ಒಳ್ಳೆಯದೇ, ಹಿಕ್ಕೆಯನ್ನು ಒಂದೆರಡು ದಿನದಲ್ಲಿ ತೆಳುವಾಗಿ ಹರಗಿ ಮಣ್ಣಿಗೆ ಸೇರಿಸದಿದ್ದರೆ ಸಾರಜನಕ ಗಾಳಿಗೆ ಹೋಗುತ್ತದೆ. ಮರಳು ಹೆಚ್ಚಿರುವ ಮಸಾರಿಗೆ ಕೆರೆಹೂಳು ಎಕರೆಗೆ 20ರಿಂದ 25 ಟ್ರ್ಯಾಕ್ಟರ್ ಲೋಡ್ ಹಾಕಿದರೆ ಹೊಸ ಜೇಡಿ ಬಂದು ಇಂಗಾಲ ಕೂರಲು ಜಾಗವಾಗುತ್ತದೆ, ಮೊದಲು ಸವಳು ಪರೀಕ್ಷೆ ಮಾಡಿಸಿ. ಎರೆಗೆ ಹೂಳು ಹೊಡೆಯಬೇಡಿ.

ಉಳುಮೆ ಪೂರ್ತಿ ಬಿಡಿ ಎಂಬ ಸಲಹೆಯನ್ನು ಕೆಂಪುಮಣ್ಣಿನಲ್ಲಿ ಹಾಗೇ ಪಾಲಿಸಬೇಡಿ. ಹೊದಿಕೆ ಇಲ್ಲದೆ ಉಳುಮೆ ಬಿಟ್ಟರೆ ಮೇಲ್ಪದರ ಹೆಪ್ಪುಗಟ್ಟಿ, ಮಳೆ ಇಂಗದೆ ಹರಿದು, ಇಂಗಾಲದ ಜೊತೆ ಬೆಳೆಯೂ ಹೋಗುತ್ತದೆ. ಮೊದಲು ಹೊದಿಕೆಯ ವ್ಯವಸ್ಥೆ, ನಂತರ ಉಳುಮೆ ಕಡಿತ. ಇನ್ನೊಂದು ಮಾತು: ಪಕ್ಕದ ಕಾಡಿನ ತರಗೆಲೆ ಗುಡಿಸಿ ತಂದು ಹೊಲಕ್ಕೆ ಹಾಕಿದರೆ ಹೊಲ ಸುಧಾರಿಸುತ್ತದೆ, ಕಾಡು ಸೊರಗುತ್ತದೆ. ಒಟ್ಟು ಲೆಕ್ಕದಲ್ಲಿ ಏನೂ ಕೂಡಲಿಲ್ಲ.

ಪ್ರಶ್ನೆ: ಕಾರ್ಬನ್ ಕ್ರೆಡಿಟ್ ಕೊಡಿಸುತ್ತೇವೆ, ಮಣ್ಣಿನ ಇಂಗಾಲ ಹೆಚ್ಚಿಸಿದರೆ ಎಕರೆಗೆ ಒಳ್ಳೆಯ ಹಣ ಎಂದು ಏಜೆಂಟರು ಬರುತ್ತಿದ್ದಾರೆ. ಐದು ಎಕರೆ ಇದೆ, ಸಹಿ ಹಾಕಬಹುದೇ? (ಕೂಡ್ಲಿಗಿ)

ಲೆಕ್ಕ ಮಾಡಿ ನೋಡಿ. ಒಣಬೇಸಾಯದಲ್ಲಿ ಒಳ್ಳೆಯ ನಿರ್ವಹಣೆಯಿಂದ ವರ್ಷಕ್ಕೆ ಹೆಕ್ಟೇರಿಗೆ 0.3 ಟನ್ ಇಂಗಾಲ ಏರಿತು ಎಂದು ಉದಾರವಾಗಿ ಹಿಡಿಯೋಣ. 3.67ರಿಂದ ಗುಣಿಸಿದರೆ 1.1 ಟನ್ ಇಂಗಾಲದ ಡೈಆಕ್ಸೈಡ್, ಎಕರೆಗೆ 0.45 ಟನ್. ಮಾರಾಟವಾಗುವ ಒಂದು ಕ್ರೆಡಿಟ್ ಎಂದರೆ ಇಂಗಾಲದ ಡೈಆಕ್ಸೈಡಿನ ಒಂದು ಟನ್. ನಿಮ್ಮ ಐದು ಎಕರೆಗೆ ವರ್ಷಕ್ಕೆ ಎರಡು ಕ್ರೆಡಿಟ್ ಚಿಲ್ಲರೆ. ಅದರಲ್ಲಿ ಅಪಾಯನಿಧಿಗೆ (ಕೂಡಿದ ಇಂಗಾಲ ಮುಂದೆ ಕಳೆದುಹೋದರೆ ಎಂದು ಎತ್ತಿಡುವುದು) ಒಂದು ಪಾಲು, ಗೊಬ್ಬರದಿಂದ ಹೊಮ್ಮುವ ನೈಟ್ರಸ್ ಆಕ್ಸೈಡಿಗೆ ಒಂದು ಕಡಿತ, ಪರಿಶೀಲನೆಯ ಖರ್ಚು, ಕಂಪನಿಯ ಪಾಲು. ದರ ಎಷ್ಟೇ ಇರಲಿ, ಉಳಿಯುವುದನ್ನು ನೀವೇ ಊಹಿಸಿ.

ಅಳತೆಯೂ ಅಷ್ಟು ಸಲೀಸಲ್ಲ. ವರ್ಷಕ್ಕೆ 0.3 ಟನ್ ಎಂದರೆ 30 ಸೆಂಟಿಮೀಟರ್ ಆಳದ 4,200 ಟನ್ ಮಣ್ಣಿನಲ್ಲಿ ಶೇ 0.007 ಏರಿಕೆ. ಐದು ವರ್ಷಕ್ಕೆ 0.036. ಒಂದೇ ಮಣ್ಣನ್ನು ಎರಡು ಸಲ ಪರೀಕ್ಷಿಸಿದರೇ ಇಷ್ಟು ವ್ಯತ್ಯಾಸ ಬರುತ್ತದೆ. ಒಂದೆರಡು ವರ್ಷದಲ್ಲಿ ಏರಿಕೆ ತೋರಿಸಿಕೊಡುತ್ತೇವೆ ಎನ್ನುವವರನ್ನು ನಂಬಬೇಡಿ.

ಕೇಂದ್ರ ಸರ್ಕಾರ 2023ರಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆಯನ್ನು ಅಧಿಸೂಚಿಸಿದೆ, ಸ್ವಯಂಪ್ರೇರಿತ ಮಾರುಕಟ್ಟೆಯೂ ಇದೆ. ಸೇರುವುದಾದರೆ ಒಬ್ಬರೇ ಹೋಗದೆ ರೈತ ಉತ್ಪಾದಕರ ಕಂಪನಿಯ ಮೂಲಕ ನೂರಾರು ಎಕರೆ ಕೂಡಿಸಿ. ಒಪ್ಪಂದದ ಅವಧಿ ಎಷ್ಟು ವರ್ಷ, ನಡುವೆ ಹೊಲ ಮಾರಿದರೆ ಅಥವಾ ಆಳ ಉಳುಮೆ ಮಾಡಿದರೆ ದಂಡ ಯಾರಿಗೆ, ಆರಂಭದ ಮಣ್ಣು ಪರೀಕ್ಷೆಯ ಪ್ರತಿ ನಿಮ್ಮ ಕೈಗೆ ಬರುತ್ತದೆಯೇ, ಕನ್ನಡದಲ್ಲಿ ಕರಾರು ಇದೆಯೇ, ಇವು ನಾಲ್ಕಕ್ಕೆ ಲಿಖಿತ ಉತ್ತರ ಪಡೆಯದೆ ಸಹಿ ಬೇಡ. ಬಗರ್ ಹುಕುಂ ಅರ್ಜಿ ಇನ್ನೂ ಇತ್ಯರ್ಥವಾಗದ ಜಮೀನಿಗೆ ಯಾರೇ ಕ್ರೆಡಿಟ್ ಕೊಡಿಸುತ್ತೇವೆ ಎಂದರೂ ಬಾಗಿಲಲ್ಲೇ ಕಳಿಸಿಬಿಡಿ.

ಪ್ರಶ್ನೆ: ಪಾವಗಡದಂತೆ ನಮ್ಮಲ್ಲೂ ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆ ಕೇಳುತ್ತಿದ್ದಾರೆ. ಗುತ್ತಿಗೆ ಮುಗಿದ ಮೇಲೆ ಮಣ್ಣು ಉಳಿದಿರುತ್ತದೆಯೇ? (ಮಧುಗಿರಿ)

ನೆಲವನ್ನು ಹೇಗೆ ಸಿದ್ಧಪಡಿಸುತ್ತಾರೆ ಎಂಬುದರ ಮೇಲಿದೆ. ಮೇಲ್ಮಣ್ಣು ಕೆರೆದು ಮಟ್ಟ ಮಾಡಿದರೆ ಇಂಗಾಲವಿದ್ದ ಪದರವೇ ಹೋಯಿತು. ಕಂಬ ನೆಟ್ಟು, ಇಳಿಜಾರು ಇದ್ದಂತೆ ಬಿಟ್ಟು, ಫಲಕಗಳ ಕೆಳಗೆ ಹುಲ್ಲು ಬೆಳೆಸಿ ಕೊಯ್ಯುತ್ತ ಹೋದರೆ ಉಳುಮೆಯಿಲ್ಲದ ಆ ನೆಲದಲ್ಲಿ ಇಂಗಾಲ ಏರಲೂಬಹುದು. ಕಳೆನಾಶಕ ಸಿಂಪಡಿಸಿ ಬರಿನೆಲ ಇಟ್ಟರೆ ಫಲಕದಂಚಿನಿಂದ ಧಾರೆಯಾಗಿ ಬೀಳುವ ನೀರು ಸಾಲು ಸಾಲು ಕೊರಕಲು ಮಾಡುತ್ತದೆ. ಗುತ್ತಿಗೆ ಪತ್ರದಲ್ಲಿ ಮೂರು ಷರತ್ತು ಸೇರಿಸಿ: ನೆಲ ಮಟ್ಟ ಮಾಡಲೇಬೇಕಾದರೆ ಮೇಲಿನ 15 ಸೆಂಟಿಮೀಟರ್ ಮಣ್ಣನ್ನು ಬೇರೆ ತೆಗೆದಿಟ್ಟು ವಾಪಸ್ ಹರಡುವುದು, ಕಳೆನಾಶಕದ ಬದಲು ಕೊಯ್ಲು ಅಥವಾ ಕುರಿ, ನೀರು ಹೋಗಲು ಹುಲ್ಲು ಹಾಸಿದ ಕಾಲುವೆ. ಕೆಲಸ ಶುರುವಾಗುವ ಮೊದಲೇ ಜಮೀನಿನ ಮಣ್ಣು ಪರೀಕ್ಷೆ ಮಾಡಿಸಿ, ಗುಣಿಗಳ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ, ವರದಿಯನ್ನು ಗುತ್ತಿಗೆ ಪತ್ರಕ್ಕೆ ಲಗತ್ತಿಸಿ.

ಪ್ರಶ್ನೆ: ಮಣ್ಣಿನ ಮಾದರಿ ಯಾವ ತಿಂಗಳಲ್ಲಿ ತೆಗೆಯಬೇಕು? (ಹರಪನಹಳ್ಳಿ)

ಸುಗ್ಗಿ ಮುಗಿದು, ಗೊಬ್ಬರ ಹೊಡೆಯುವ ಮೊದಲು, ಫೆಬ್ರವರಿಯಿಂದ ಏಪ್ರಿಲ್ ಮಧ್ಯದೊಳಗೆ. ಮುಂದಿನ ಸಲವೂ ಅದೇ ತಿಂಗಳು, ಅದೇ ಜಾಗ, ಅದೇ ಆಳ, ಸಾಧ್ಯವಾದರೆ ಅದೇ ಪ್ರಯೋಗಾಲಯ. ಒಂದು ಹೊಲಕ್ಕೆ 15ರಿಂದ 20 ಕಡೆ, ಮೇಲಿನ ಎಲೆಕಸ ಸರಿಸಿ, 0–10 ಮತ್ತು 10–30 ಸೆಂಟಿಮೀಟರ್ ಬೇರೆ ಬೇರೆಯಾಗಿ. ತಿಪ್ಪೆಯಿದ್ದ ಜಾಗ, ಕುರಿ ನಿಂತ ಜಾಗ, ಹುತ್ತದ ಸುತ್ತಮುತ್ತ, ಬದುವಿನ ಬುಡ ಬಿಟ್ಟುಬಿಡಿ. ಮಣ್ಣನ್ನು ನೆರಳಿನಲ್ಲಿ ಒಣಗಿಸಿ ಅರ್ಧ ಕಿಲೊ ಕಳಿಸಿ, ಗೊಬ್ಬರದ ಹಳೆಯ ಚೀಲದಲ್ಲಿ ಮಾತ್ರ ಬೇಡ. ಎರೆಯಲ್ಲಿ ಬಿರುಕು ಬಿಟ್ಟಿರುವಾಗ ಸಾಂದ್ರತೆ ಅಳೆಯಲು ಹೋಗಬೇಡಿ, ಮಳೆ ಬಿದ್ದು ನೆಲ ಹದಕ್ಕೆ ಬಂದು ಬಿರುಕು ಮುಚ್ಚಿದ ಮೇಲೆ ಅದೊಂದನ್ನು ಬೇರೆ ದಿನ ಮಾಡಿ.